ಕ್ರಿಯೇಟಿನಿನ್ 1.2: ನಾರ್ಮಲ್ ಎನ್ನಬಹುದೇ?

ವೈದ್ಯಕೀಯ ನೆರವು ಕೋರಿ ಬರುವ ಅರ್ಜಿಯ ಜೊತೆ ಕಿಡ್ನಿ ಪರೀಕ್ಷೆಯ ರಿಪೋರ್ಟು ಇದ್ದರೆ, ಎಲ್ಲರ ಕಣ್ಣೂ ಮೊದಲು ಹೋಗುವುದು ಕ್ರಿಯೇಟಿನಿನ್ ಅಂಕಿಯತ್ತ. ಅದೊಂದನ್ನೇ ನೋಡಿದರೆ ಸಾಲದು.

ಕ್ರಿಯೇಟಿನಿನ್ ಎಂದರೆ ಮಾಂಸಖಂಡಗಳಿಂದ ರಕ್ತಕ್ಕೆ ಸೇರುವ ಕಸ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಮಾಂಸಖಂಡ ಕಡಿಮೆಯಿದ್ದರೆ ಕಸವೂ ಕಡಿಮೆ. ಹಾಗಾಗಿ ಅಂಕಿ 1.2 ಇದ್ದಾಗ, ಸೋಸುವ ಶಕ್ತಿಯ ಅಂದಾಜು, ಅಂದರೆ ಇ-ಜಿಎಫ್‌ಆರ್, 25 ವರ್ಷದ ಯುವಕನಿಗೆ ಸುಮಾರು 86 ಬರುತ್ತದೆ; 65 ವರ್ಷದ ಮಹಿಳೆಗೆ ಸುಮಾರು 50. ಆ ತಾಯಿಯ ರಿಪೋರ್ಟನ್ನು ಮನೆಯವರು 'ಸ್ವಲ್ಪವೇ ಜಾಸ್ತಿ' ಎಂದು ಫೈಲಿಗೆ ಸೇರಿಸಿಬಿಡುತ್ತಾರೆ!

ಇ-ಜಿಎಫ್‌ಆರ್ ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಆದರೆ ಒಂದೇ ರಿಪೋರ್ಟು ನೋಡಿ ಕಂಗೆಡಬೇಡಿ. ವಾಂತಿಭೇದಿಯಾಗಿ ಮೈಯ ನೀರು ಆರಿದಾಗ, ನೋವಿನ ಮಾತ್ರೆ ನುಂಗಿದಾಗ ಕೂಡ ಕ್ರಿಯೇಟಿನಿನ್ ಏರುವುದುಂಟು. ವೈದ್ಯರು ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ಮೂತ್ರ ತೀರಾ ಕಡಿಮೆಯಾದರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ರಕ್ತಕ್ಕಿಂತ ಮೊದಲು ಮೂತ್ರವೇ ಸುಳಿವು ಕೊಡುತ್ತದೆ. ಅವರೂ ಬಿಪಿ ಇರುವವರೂ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತ ಪರೀಕ್ಷಿಸಿಕೊಳ್ಳಲಿ. ಅದು ಗ್ರಾಂಗೆ 30 ಮಿಲಿಗ್ರಾಂ ಮೀರಿದರೆ, ಕ್ರಿಯೇಟಿನಿನ್ ಸರಿಯಿದ್ದರೂ ವೈದ್ಯರನ್ನು ಕಾಣಬೇಕು. ಈ ಹಂತದಲ್ಲಿ ಔಷಧಿಯಿಂದ ಕಾಯಿಲೆಯ ಓಟವನ್ನು ನಿಧಾನಿಸಬಹುದು.

ಡಯಾಲಿಸಿಸ್ ವಾರಕ್ಕೆ ಎರಡು ಮೂರು ಬಾರಿ, ವರ್ಷಾನುಗಟ್ಟಲೆ ನಡೆಯುವ ಖರ್ಚು. ಅದಕ್ಕೆ ಕೈಜೋಡಿಸುವ ದಾನಿಗಳು, ಬಡ ಸದಸ್ಯರ ಈ ಮೂತ್ರ ಪರೀಕ್ಷೆಗೂ ಒಂದಿಷ್ಟು ತೆಗೆದಿಡಬೇಕೆಂದು ವಿನಂತಿ.