ಅಚೌರ್ಯಾಣುವ್ರತವೂ ಮುಖ ಕಾಣದ ಮಾರುಕಟ್ಟೆಯೂ

ನಮ್ಮ ನಾಡಿನ ದನದ ಜಾತ್ರೆಗಳಲ್ಲಿ ರೈತರು ಬೆಲೆ ಕುದುರಿಸುವ ಒಂದು ಹಳೆಯ ಪದ್ಧತಿಯುಂಟು. ಕೊಳ್ಳುವವನೂ ಮಾರುವವನೂ ವಸ್ತ್ರದ ಮರೆಯಲ್ಲಿ ಕೈ ಸೇರಿಸಿ, ಬೆರಳು ಹಿಡಿದು ಬೆಲೆಯನ್ನು ಸೂಚಿಸುತ್ತಾರೆ. ಅಲ್ಲಿ ಬೆಲೆ ಗುಪ್ತ; ಎತ್ತು ಮಾತ್ರ ಎಲ್ಲರ ಕಣ್ಣೆದುರಿಗಿರುತ್ತದೆ. ಅದರ ಹಲ್ಲನ್ನು ನೋಡಬಹುದು, ನಡಿಗೆಯನ್ನು ಪರೀಕ್ಷಿಸಬಹುದು. ಅಂತರ್ಜಾಲದ ಮಾರುಕಟ್ಟೆಯಲ್ಲಿ ಇದು ತಿರುವುಮುರುವಾಗಿದೆ. ಬೆಲೆ ಲೋಕಕ್ಕೆಲ್ಲ ಕಾಣುತ್ತದೆ. ವಸ್ತುವಿನ ಚಿತ್ರ ಮಾತ್ರ ಕಾಣುತ್ತದೆ. ಎದುರಿನವನ ಮುಖವಂತೂ ಕಾಣುವುದೇ ಇಲ್ಲ. ಇಂತಹ ಪೇಟೆಯಲ್ಲಿ ಶ್ರಾವಕನು ಅಚೌರ್ಯಾಣುವ್ರತವನ್ನು ನಿರತಿಚಾರವಾಗಿ ಪಾಲಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ವ್ರತದ ಸ್ವರೂಪ

ಸ್ತೇಯವೆಂದರೆ ಅದತ್ತಾದಾನ, ಅಂದರೆ ಒಡೆಯನು ಕೊಡದುದರ ಗ್ರಹಣ. ಆದುದರಿಂದ ಪ್ರತಿಯೊಂದು ವ್ಯವಹಾರದಲ್ಲಿಯೂ ಕೇಳಬೇಕಾದ ಪ್ರಶ್ನೆ ಇಷ್ಟೇ: ನನ್ನ ಕೈಗೆ ಬಂದುದು ನಿಜವಾಗಿ ಕೊಡಲ್ಪಟ್ಟಿತೇ? ತಿಳಿಯದೆ ಕೊಟ್ಟುದು, ನಂಬಿಸಿದ್ದರಿಂದ ಕೊಟ್ಟುದು, ಗತ್ಯಂತರವಿಲ್ಲದಂತೆ ಮಾಡಿದ್ದರಿಂದ ಕೊಟ್ಟುದು, ಇವು ಕೈಯಿಂದ ಬಂದರೂ ಮನಸ್ಸಿನಿಂದ ಬಂದ ದಾನಗಳಲ್ಲ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಪೇಟೆಗೆ ಸಂಬಂಧಿಸಿದವು ಎಂಬುದು ಗಮನಾರ್ಹ. ಇಂದಿನ ವ್ಯವಹಾರದಲ್ಲಿ ಅವುಗಳ ರೂಪವನ್ನು ನೋಡೋಣ.

೧. ಸ್ತೇನಪ್ರಯೋಗ: ಕಳ್ಳತನಕ್ಕೆ ಪ್ರೇರಣೆ. ತಾನು ಕದಿಯದಿದ್ದರೂ, ಕದ್ದ ಮಾಲನ್ನು ತಂದುಕೊಡುವವನಿಗೆ ಬೇಡಿಕೆಯನ್ನು ಒದಗಿಸುವವನು ಇದರಲ್ಲಿ ಪಾಲುಗಾರನಾಗುತ್ತಾನೆ.

೨. ತದಾಹೃತಾದಾನ: ಕದ್ದ ವಸ್ತುವಿನ ಸ್ವೀಕಾರ. ರಸೀದಿಯಿಲ್ಲದ, ಅತ್ಯಂತ ಅಗ್ಗದ ಬಳಸಿದ ಮೊಬೈಲನ್ನು ಕೊಳ್ಳುವವನು ಇಲ್ಲಿ ಎಚ್ಚರ ವಹಿಸಬೇಕು. ಪ್ರತಿ ಉಪಕರಣಕ್ಕೂ ೧೫ ಅಂಕಿಗಳ ಒಂದು ಐ.ಎಂ.ಇ.ಐ. ಸಂಖ್ಯೆಯಿರುತ್ತದೆ. ಕೇಂದ್ರ ಸರ್ಕಾರವು ೨೦೨೩ರಲ್ಲಿ ಆರಂಭಿಸಿದ ‘ಸಂಚಾರ ಸಾಥಿ’ ತಾಣದಲ್ಲಿ ಈ ಸಂಖ್ಯೆಯನ್ನು ಪರೀಕ್ಷಿಸಬಹುದು. ಪರೀಕ್ಷಿಸಲು ಸಾಧ್ಯವಿದ್ದೂ ಪರೀಕ್ಷಿಸದೆ ‘ನನಗೆ ತಿಳಿಯದು’ ಎನ್ನುವುದು ಪ್ರಮಾದವೇ ಸರಿ.

೩. ವಿರುದ್ಧರಾಜ್ಯಾತಿಕ್ರಮ: ರಾಜ್ಯದ ನಿಯಮಗಳ ಉಲ್ಲಂಘನೆ. ‘ಬಿಲ್ಲು ಬೇಡ, ತೆರಿಗೆ ಬಿಟ್ಟು ಕೊಡಿ’ ಎಂದು ಕೇಳುವ ಗ್ರಾಹಕನೂ ಒಪ್ಪುವ ವರ್ತಕನೂ ಇದಕ್ಕೆ ಸಮಾನ ಭಾಗಿಗಳು.

೪. ಹೀನಾಧಿಕಮಾನೋನ್ಮಾನ: ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು. ಚಿತ್ರದಲ್ಲಿ ದೊಡ್ಡ ಪೊಟ್ಟಣವನ್ನು ತೋರಿಸಿ ೯೦೦ ಗ್ರಾಂ ಕಳುಹಿಸಿ ಗ್ರಾಹಕನು ಒಂದು ಕಿಲೋ ಎಂದು ಭಾವಿಸುವಂತೆ ಮಾಡುವುದೂ, ಎಂದೂ ಇಲ್ಲದಿದ್ದ ದೊಡ್ಡ ಬೆಲೆಯನ್ನು ಬರೆದು ಅದರ ಮೇಲೆ ಗೀಟೆಳೆದು ‘ರಿಯಾಯಿತಿ’ ಎನ್ನುವುದೂ ಸುಳ್ಳು ತಕ್ಕಡಿಗಳೇ.

೫. ಪ್ರತಿರೂಪಕವ್ಯವಹಾರ: ಒಂದರಂತೆ ಕಾಣುವ ಇನ್ನೊಂದನ್ನು ಮಾರುವುದು. ಯಂತ್ರಮಗ್ಗದ ಬಟ್ಟೆಯನ್ನು ಕೈಮಗ್ಗದ ಇಳಕಲ್ ಸೀರೆಯೆಂದು ಮಾರಿದರೆ ಮೋಸಹೋಗುವವಳು ಕೊಂಡವಳೊಬ್ಬಳೇ ಅಲ್ಲ; ಮಗ್ಗದ ಮುಂದೆ ಕುಳಿತ ನೇಕಾರನ ಅನ್ನವೂ ಅಪಹೃತವಾಗುತ್ತದೆ.

ಇದರ ಜೊತೆಗೆ ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ಕೂಟಲೇಖಕ್ರಿಯೆಯನ್ನೂ, ಅಂದರೆ ಸುಳ್ಳು ಬರಹವನ್ನೂ ನೆನೆಯಬೇಕು. ತನ್ನ ಸರಕನ್ನು ತಾನೇ ಗ್ರಾಹಕನ ವೇಷದಲ್ಲಿ ಹೊಗಳಿ ಬರೆಯುವುದು, ‘ಹಣ ಹಿಂದಿರುಗಿಸದಿದ್ದರೆ ಕೆಟ್ಟ ಅಭಿಪ್ರಾಯ ಬರೆಯುತ್ತೇನೆ’ ಎಂದು ಹೆದರಿಸಿ ಬರೆಯುವುದು, ಎರಡೂ ಇದರೊಳಗೆ ಬರುತ್ತವೆ.

ಚೌಕಾಸಿ ದೋಷವೇ?

ಕೆಲವರು ಚೌಕಾಸಿಯೇ ಪಾಪವೆಂದು ತಿಳಿಯುತ್ತಾರೆ, ಅದು ಸರಿಯಲ್ಲ. ಕೊಳ್ಳುವವನು ಕಡಿಮೆ ಕೇಳುವುದು, ಮಾರುವವನು ಹೆಚ್ಚು ಹೇಳುವುದು, ಇಬ್ಬರೂ ನಡುವೆ ಒಂದು ಬೆಲೆಗೆ ಬರುವುದು ಲೋಕವ್ಯವಹಾರ. ತಾನು ಎಷ್ಟರವರೆಗೆ ಇಳಿಯಬಲ್ಲೆ, ಎಷ್ಟರವರೆಗೆ ಏರಬಲ್ಲೆ ಎಂಬುದನ್ನು ಹೇಳದಿರುವುದೂ ದೋಷವಲ್ಲ. ತನ್ನ ಮನಸ್ಸಿನ ಮಿತಿಯನ್ನು ಮರೆಮಾಡಬಹುದು. ವಸ್ತುವಿನ ಸ್ಥಿತಿಯನ್ನು ಮರೆಮಾಡಬಾರದು. ‘ಇನ್ನೊಬ್ಬರು ಇದಕ್ಕಿಂತ ಹೆಚ್ಚು ಕೊಡುತ್ತಿದ್ದಾರೆ’ ಎಂದು ಇಲ್ಲದ ಗಿರಾಕಿಯನ್ನು ಸೃಷ್ಟಿಸಬಾರದು. ಈ ಗೆರೆಯನ್ನು ನೆನಪಿಟ್ಟರೆ ಬಹಳಷ್ಟು ಸಂದೇಹಗಳು ಪರಿಹಾರವಾಗುತ್ತವೆ.

ಒಂದು ದೃಷ್ಟಾಂತವನ್ನು ಭಾವಿಸಿ. ವರ್ಗವಾಗಿ ಬೇರೆ ಊರಿಗೆ ಹೊರಟ ಒಂದು ಸಂಸಾರದವರು ತಮ್ಮ ರೆಫ್ರಿಜರೇಟರನ್ನು ಮಾರಲು ಚಿತ್ರ ಹಾಕಿದರು. ಸಂದೇಶಗಳ ಮೂಲಕ ೯,೦೦೦ ರೂಪಾಯಿಗೆ ಮಾತಾಯಿತು. ಇವರು ಉಳಿದ ಗಿರಾಕಿಗಳಿಗೆ ಇಲ್ಲವೆಂದರು. ಕೊಳ್ಳುವವನು ಹೊರಡುವ ದಿನದ ಸಂಜೆ ಬಂದನು. ಬಾಗಿಲಲ್ಲಿ ಸಾಮಾನಿನ ಲಾರಿ ನಿಂತಿತ್ತು. ಅದನ್ನು ನೋಡಿ ಅವನು ‘೬,೦೦೦ ಕೊಡುತ್ತೇನೆ, ಇಲ್ಲವಾದರೆ ಹೊರಟೆ’ ಎಂದನು. ಅವರು ಕೊಟ್ಟರು. ಕಾಯಿದೆಯ ದೃಷ್ಟಿಯಲ್ಲಿ ಬಹುಶಃ ಇದು ಒಪ್ಪಂದವೇ. ಆದರೆ ಆ ೩,೦೦೦ ರೂಪಾಯಿ ಕೊಡಲ್ಪಟ್ಟಿತೇ, ಕಿತ್ತುಕೊಳ್ಳಲ್ಪಟ್ಟಿತೇ? ಇನ್ನು ಆ ಸಂಸಾರದವರೇ ಕಂಪ್ರೆಸರ್ ಎರಡು ಬಾರಿ ಕೆಟ್ಟುದನ್ನು ಬಚ್ಚಿಟ್ಟಿದ್ದರೆ? ಆಗ ಇಬ್ಬರೂ ಪರಸ್ಪರ ಅದತ್ತವನ್ನು ಗ್ರಹಿಸಿದಂತಾಯಿತು. ಒಬ್ಬನ ಅನ್ಯಾಯವು ಇನ್ನೊಬ್ಬನ ಅನ್ಯಾಯವನ್ನು ತೊಳೆಯುವುದಿಲ್ಲ.

ಹಾಗೆಯೇ, ಮದುವೆಗೆಂದು ಸೀರೆ ತರಿಸಿ, ಉಟ್ಟು, ಚೀಟಿಯನ್ನು ಮತ್ತೆ ಸಿಕ್ಕಿಸಿ ‘ಬಣ್ಣ ಹಿಡಿಸಲಿಲ್ಲ’ ಎಂದು ಹಿಂದಿರುಗಿಸುವುದು ಜಾಣತನವೆಂದು ಎಣಿಸಲ್ಪಡುತ್ತಿದೆ. ಅದರ ನಷ್ಟವು ಅನೇಕ ವೇಳೆ ದೊಡ್ಡ ಸಂಸ್ಥೆಗಲ್ಲ, ಆ ತಾಣದ ಮೂಲಕ ಮಾರುವ ಸಣ್ಣ ವರ್ತಕನಿಗೇ ತಟ್ಟುತ್ತದೆ.

ಕಾಯಿದೆಯೂ ವ್ರತವೂ

೨೦೨೦ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಮಾರಾಟಗಾರನು ಗ್ರಾಹಕನಂತೆ ನಟಿಸಿ ಅಭಿಪ್ರಾಯ ಬರೆಯುವುದನ್ನು ನಿಷೇಧಿಸಿವೆ. ಗ್ರಾಹಕನ ಒಪ್ಪಿಗೆಯು ಸ್ಪಷ್ಟ ಕ್ರಿಯೆಯಿಂದ ಬರಬೇಕು, ಮೊದಲೇ ಗುರುತು ಹಾಕಿದ ಚೌಕದಿಂದ ಅಲ್ಲವೆಂದೂ ವಿಧಿಸಿವೆ. ೨೦೨೩ರ ನವೆಂಬರಿನ ಮಾರ್ಗಸೂಚಿಗಳು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು, ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಆತುರ ಹುಟ್ಟಿಸುವುದು ಮೊದಲಾದ ೧೩ ಕಪಟ ವಿನ್ಯಾಸಗಳನ್ನು ಹೆಸರಿಸಿವೆ. ವಂಚಿತನಾದವನು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಕೊಡುವುದೇ ಉಚಿತ.

ಆದರೆ ಮೇಲೆ ಹೇಳಿದ ೨೦೨೦ರ ನಿಯಮಗಳು ಕಸುಬಾಗಿ ಅಲ್ಲದೆ, ವೈಯಕ್ತಿಕವಾಗಿ ತನ್ನ ವಸ್ತುವನ್ನು ಮಾರುವ ಗೃಹಸ್ಥನಿಗೆ ಅನ್ವಯಿಸುವುದಿಲ್ಲ. ನಮ್ಮ ಮನೆಯ ಹಳೆಯ ಸೈಕಲ್ಲು, ಪಾತ್ರೆ, ಮೇಜು ಮಾರುವಲ್ಲಿ ಆ ಕಾವಲುಗಾರನಿಲ್ಲ. ವ್ರತವು ಪ್ರಯೋಜನಕ್ಕೆ ಬರುವುದು ಅಲ್ಲಿಯೇ.

ಗೃಹಾಭ್ಯಾಸ

ಮನೆಮಂದಿಯೆಲ್ಲ ಕುಳಿತು ಈ ಮೂರು ಪ್ರಶ್ನೆಗಳನ್ನು ವಿಚಾರ ಮಾಡಿರಿ.

(೧) ನಾವು ಮಾರಿದ ವಸ್ತುವಿನ ಯಾವ ದೋಷವನ್ನು ಹೇಳಲಿಲ್ಲ?
(೨) ಮಾತು ಮುಗಿದ ಮೇಲೆ ಬೆಲೆಯನ್ನು ಮುರಿದುದುಂಟೇ?
(೩) ಕೊಂಡ ಬೆಲೆಯನ್ನು ಮಾರಿದವನ ಎದುರಿಗೆ ಕುಳಿತು ನಾಚಿಕೆಯಿಲ್ಲದೆ ಹೇಳಬಲ್ಲೆವೇ?

ಭಾದ್ರಪದದಲ್ಲಿ ದಶಲಕ್ಷಣ ಪರ್ವವನ್ನು ಆಚರಿಸಿ, ಉತ್ತಮ ಶೌಚದ ದಿನ ಲೋಭತ್ಯಾಗವನ್ನು ಕೇಳುತ್ತೇವೆ. ಕೆಲವೇ ವಾರಗಳಲ್ಲಿ ಹಬ್ಬದ ಮಾರಾಟಗಳು ಆರಂಭವಾಗುತ್ತವೆ. ಉಪವಾಸದ ದಿನ ಅನ್ನವನ್ನು ಬಿಟ್ಟ ಕೈಯೇ ಅಂದು ರಾತ್ರಿ ಪರರ ಅಜ್ಞಾನದಿಂದ ಲಾಭವನ್ನು ತೆಗೆದುಕೊಂಡರೆ, ಬಿಟ್ಟುದೇನು, ಹಿಡಿದುದೇನು? ಮುಂದಿನ ಅಷ್ಟಮಿಯಿಂದ ಒಂದು ನಿಯಮವನ್ನು ಕೈಕೊಳ್ಳೋಣ: ಮಾರುವಾಗ ದೋಷವನ್ನು ಮೊದಲ ಸಾಲಿನಲ್ಲಿಯೇ ಬರೆಯುವುದು, ಕೊಳ್ಳುವಾಗ ಆಡಿದ ಬೆಲೆಯನ್ನು ಬಾಗಿಲಲ್ಲಿ ಮುರಿಯದಿರುವುದು.