ದಂಡೆತ್ತಿ ಬಂದವನೇ ಕಥೆ ಹೇಳಿದರೆ



ಈ ವರ್ಷದ ಕಥಾ ಸ್ಪರ್ಧೆಗೆ 'ಮುಂದಿನ ಶತಮಾನ' ಎಂಬ ವಿಷಯ ಕೊಟ್ಟಿದ್ದೆವು. ಬಂದ ಕಥೆಗಳಲ್ಲಿ ಹೆಚ್ಚಿನವು ಯುದ್ಧದ ಕಥೆಗಳೇ. ಡ್ರೋನ್, ರೋಬೋಟ್, ಲೇಸರ್ ಎಲ್ಲವೂ ಇದ್ದವು. ಎಲ್ಲ ಕಥೆಗಳಲ್ಲೂ ಕೊನೆಗೆ ನಮ್ಮವರೇ ಗೆದ್ದಿದ್ದರು. ಒಂದು ಕಥೆ ಮಾತ್ರ ಬೇರೆ ದಾರಿ ಹಿಡಿದಿತ್ತು. ಬರೆದವಳು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಅದರಲ್ಲಿ ವರ್ಷ 2091. ಯಾವುದೋ ದೂರ ದೇಶದ ಸೈನ್ಯ ನಮ್ಮ ಸೀಮೆಯನ್ನು ವಶಪಡಿಸಿಕೊಂಡು ಅರಳಗುಪ್ಪೆಯ ತೆಂಗಿನ ತೋಟಗಳಲ್ಲಿ ಬೀಡು ಬಿಟ್ಟಿದೆ. ಕಥೆ ಹೇಳುವ 'ನಾನು' ಊರಿನವನಲ್ಲ, ಆ ಸೈನ್ಯದ ಒಬ್ಬ ಸಿಪಾಯಿ.

ಸ್ಟಾಫ್ ರೂಮಿನಲ್ಲಿ ಈ ಕಥೆಯ ಬಗ್ಗೆ ಚರ್ಚೆಯಾಯಿತು. "ಊರು ಹಾಳು ಮಾಡಲು ಬಂದವನ ಬಾಯಿಗೆ ಕಥೆ ಕೊಟ್ಟರೆ ಓದುವವರು ಅವನ ಕಡೆಗೇ ವಾಲುವುದಿಲ್ಲವೇ?" ಎಂದು ಒಬ್ಬರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುವುದೇ ಈ ಪಾಠ.

ಮೊದಲು ಈ ಬಗೆಯ ಕಥೆಯ ಹುಟ್ಟನ್ನು ನೋಡೋಣ. ಮುಂದೆ ನಡೆಯಬಹುದಾದ ಯುದ್ಧವನ್ನು ನಡೆದೇ ಹೋಯಿತು ಎಂಬಂತೆ ಹೇಳುವ ಕಥೆಗಳು ಪರದೇಶದಿಂದ ಬಂದವು ಎಂದು ನಾವು ಭಾವಿಸುತ್ತೇವೆ. ಆದರೆ 1835ರಲ್ಲೇ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದಿದ ಕೈಲಾಸ ಚಂದ್ರ ದತ್ತ ಎಂಬ ತರುಣ ಇಂಗ್ಲಿಷಿನಲ್ಲಿ ಅಂಥ ಒಂದು ಕಥೆ ಬರೆದ. ಆಗ ಅವನಿಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಕಥೆ ನಡೆಯುವುದು 1945ರಲ್ಲಿ. ಭಾರತೀಯರು ಬ್ರಿಟಿಷರ ವಿರುದ್ಧ ಆಯುಧ ಹಿಡಿಯುತ್ತಾರೆ, ನಲವತ್ತೆಂಟು ಗಂಟೆಗಳಲ್ಲಿ ಸೋಲುತ್ತಾರೆ, ನಾಯಕನ ತಲೆ ಹೋಗುತ್ತದೆ. ಆ ತರುಣ ಊಹಿಸಿದ ವರ್ಷಕ್ಕೂ ನಮಗೆ ನಿಜವಾಗಿ ಸ್ವಾತಂತ್ರ್ಯ ಬಂದ ವರ್ಷಕ್ಕೂ ಎರಡೇ ವರ್ಷದ ಅಂತರ.

1871ರಲ್ಲಿ ಇಂಗ್ಲೆಂಡಿನಲ್ಲಿ 'ದಿ ಬ್ಯಾಟಲ್ ಆಫ್ ಡಾರ್ಕಿಂಗ್' ಎಂಬ ಕಥೆ ಒಂದು ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಜರ್ಮನ್ ಸೈನ್ಯ ಇಂಗ್ಲೆಂಡನ್ನು ಗೆದ್ದ ಕಥೆ ಅದು. ಸೋತ ಕಡೆಯಲ್ಲಿದ್ದ ಒಬ್ಬ ಮುದುಕ ಮೊಮ್ಮಕ್ಕಳಿಗೆ ಅದನ್ನು ಹೇಳುತ್ತಾನೆ. ಓದಿದ ದೇಶ ಬೆಚ್ಚಿಬಿತ್ತು. ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರೇ ಅದರ ವಿರುದ್ಧ ಮಾತನಾಡಬೇಕಾಯಿತು. ಲೇಖಕ ಜಾರ್ಜ್ ಚೆಸ್ನಿ ಬಂಗಾಳ ಎಂಜಿನಿಯರ್ ಪಡೆಯ ಅಧಿಕಾರಿ. 1857ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ದೆಹಲಿಯ ಗೋಡೆ ಒಡೆದು ನುಗ್ಗಿದಾಗ ಅವನು ಅಲ್ಲಿದ್ದ, ತೀವ್ರವಾಗಿ ಗಾಯಗೊಂಡ. ಅಂದರೆ ಬೇರೆಯವರ ಊರನ್ನು ಹಿಡಿಯುವುದು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಂಡವನು. ಹದಿನಾಲ್ಕು ವರ್ಷದ ಮೇಲೆ ಅವನು ಕನ್ನಡಿಯನ್ನು ತಿರುಗಿಸಿ ತನ್ನ ದೇಶದ ಕಡೆಗೆ ಹಿಡಿದ.

ಅದೇ ಸೆಪ್ಟೆಂಬರಿನಲ್ಲಿ ಗೋಡೆಯ ಒಳಗೂ ಒಬ್ಬ ಬರಹಗಾರನಿದ್ದ ಎಂಬುದನ್ನು ಮರೆಯಬಾರದು. ಉರ್ದು ತರಗತಿಯಲ್ಲಿ ನೀವು ಓದುವ ಮಿರ್ಜಾ ಗಾಲಿಬ್ ಆಗ ದೆಹಲಿಯ ಮನೆಯಲ್ಲೇ ಇದ್ದರು. ಆ ದಿನಗಳನ್ನು ಕುರಿತು ಪಾರ್ಸಿಯಲ್ಲಿ 'ದಸ್ತಂಬು' ಬರೆದರು. 1858ರಲ್ಲಿ ಅದು ಅಚ್ಚಾಯಿತು. ಹೊರಗೆ ಫಿರಂಗಿಯ ಕಡೆ ನಿಂತವನೊಬ್ಬ, ಒಳಗೆ ಬಾಗಿಲು ಹಾಕಿಕೊಂಡು ಕುಳಿತವರೊಬ್ಬರು. ಊರು ಒಂದೇ, ತಿಂಗಳೂ ಒಂದೇ. ಆದರೆ ಅವರಿಬ್ಬರಿಗೆ ಕಂಡದ್ದು ಒಂದೇ ಆಗಿರಲು ಸಾಧ್ಯವಿರಲಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ನಮ್ಮ ವಿದ್ಯಾರ್ಥಿನಿ ಗೊತ್ತಿದ್ದು ಆರಿಸಿದಳೋ ಇಲ್ಲವೋ, 2091 ಎಂದರೆ 1791ಕ್ಕೆ ಸರಿಯಾಗಿ ಮುನ್ನೂರು ವರ್ಷ. 1791ರಲ್ಲಿ ಇಲ್ಲಿ ನಿಜವಾಗಿಯೂ ದಂಡು ಬಂದಿತ್ತು. ಟಿಪ್ಪು ಸುಲ್ತಾನರ ವಿರುದ್ಧ ಬ್ರಿಟಿಷರು, ಮರಾಠರು, ಹೈದರಾಬಾದಿನ ನಿಜಾಮರು ಒಟ್ಟಾಗಿದ್ದ ಮೂರನೆಯ ಮೈಸೂರು ಯುದ್ಧದ ಕಾಲವದು. ಮರಾಠಾ ಸರದಾರ ಪರಶುರಾಮ ಭಾವೂನ ಸೈನ್ಯ ಉತ್ತರದಿಂದ ಶ್ರೀರಂಗಪಟ್ಟಣದ ಕಡೆಗೆ ಇಳಿದು ಬಂತು. ಆ ವರ್ಷ ಅದು ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿಯನ್ನೂ ಕೊಳ್ಳೆ ಹೊಡೆಯಿತು.

ಆ ಸೈನ್ಯದ ಜೊತೆಗೆ ಕ್ಯಾಪ್ಟನ್ ಲಿಟಲ್ ಎಂಬಾತನ ಕೈಕೆಳಗೆ ಬೊಂಬಾಯಿಯ ಬ್ರಿಟಿಷ್ ತುಕಡಿಯೊಂದು ಇತ್ತು. ಅದರಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಲೆಫ್ಟಿನೆಂಟ್ ಹುಟ್ಟಿದ್ದು 1771ರಲ್ಲಿ. ಹನ್ನೆರಡು ತುಂಬುವ ಮೊದಲೇ ಕಂಪನಿಯ ಸೈನ್ಯಕ್ಕೆ ಸೇರಿದವನು. 1791ರ ಡಿಸೆಂಬರಿನಲ್ಲಿ ಶಿವಮೊಗ್ಗದ ಹತ್ತಿರದ ಗಾಜನೂರಿನ ಕಾಳಗದಲ್ಲಿ ಗಾಯಗೊಂಡ. ಊರಿಗೆ ಮರಳಿ 1794ರಲ್ಲಿ ಆ ದಂಡಯಾತ್ರೆಯ ಬಗ್ಗೆ ದಪ್ಪ ಪುಸ್ತಕವನ್ನೇ ಪ್ರಕಟಿಸಿದ. ಆಗ ಅವನಿಗೆ ಇಪ್ಪತ್ತಮೂರು. ಕೋಟೆ, ಹೊಳೆ, ದಾರಿ, ಊರುಗಳ ವಿವರಗಳಿಗಾಗಿ ಇತಿಹಾಸಕಾರರು ಅದನ್ನು ಇಂದಿಗೂ ನೋಡುತ್ತಾರೆ. ಕನ್ನಡ ನಾಡಿನ ಮೇಲೆ ಬಂದ ಸಿಪಾಯಿಯ 'ನಾನು' ನಿಮಗೆ ಓದಬೇಕಿದ್ದರೆ ಇಲ್ಲಿದೆ.

ಅದೇ ವರ್ಷ ಮರಾಠಾ ದಂಡಿನ ಸವಾರರು ಶೃಂಗೇರಿ ಮಠವನ್ನು ಸೂರೆ ಮಾಡಿದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಆಶ್ರಯ ಪಡೆದು ಟಿಪ್ಪು ಸುಲ್ತಾನರಿಗೆ ವಿಷಯ ಬರೆದರು. ಶಾರದೆಯ ಮೂರ್ತಿಯನ್ನು ಮತ್ತೆ ಪ್ರತಿಷ್ಠಾಪಿಸಲು ನೆರವು ಕೊಡುವಂತೆ ಸುಲ್ತಾನರು ಅಧಿಕಾರಿಗೆ ಆಜ್ಞೆ ಮಾಡಿದರು. ಸುಲ್ತಾನರು ಮಠಕ್ಕೆ ಬರೆಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ದಂಡಿನವನ ಪುಸ್ತಕ ಮೂರು ವರ್ಷದಲ್ಲಿ ಅಚ್ಚಾಯಿತು. ದಂಡಿಗೆ ಸಿಕ್ಕವರ ಕಡೆಯ ಕಾಗದಗಳು ಬೆಳಕು ಕಾಣಲು ನೂರಿಪ್ಪತ್ತೈದು ವರ್ಷ ಬೇಕಾಯಿತು. ಚಿಕ್ಕನಾಯಕನಹಳ್ಳಿಯ ಒಂದು ಮನೆಯ ಕಥೆಯಂತೂ ನಮ್ಮ ಕೈಗೆ ಬಂದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ದಂಡೆತ್ತಿ ಹೋದವರು ಯಾವಾಗಲೂ ಬೇರೆಯವರೇ ಅಲ್ಲ. ಅದೇ ಕಾಲದಲ್ಲಿ ಕೊಡಗಿನಲ್ಲಿ, ಮಲಬಾರಿನಲ್ಲಿ ಮೈಸೂರಿನ ಸಿಪಾಯಿಯೇ ಹೊರಗಿನವನಾಗಿದ್ದ. ಅಲ್ಲಿಯ ಮನೆಗಳ ನೆನಪು ನಮ್ಮ ನೆನಪಿನಂತಿಲ್ಲ. ಆದ್ದರಿಂದ 'ಬಂದ ಸಿಪಾಯಿ' ಎಂದರೆ ಒಂದು ಜಾತಿ, ಒಂದು ಮತ, ಒಂದು ದೇಶದ ಹೆಸರಲ್ಲ. ಅದು ಯಾರು ಬೇಕಾದರೂ ನಿಲ್ಲಬಹುದಾದ ಜಾಗ. ನಾವೂ ನಿಂತೇವು.

ನಮ್ಮ ನಾಡಿನ ಹಳೆಯ ಯುದ್ಧಕಥೆಗಳೆಂದರೆ ವೀರಗಲ್ಲುಗಳು. ಊರನ್ನೋ ದನಗಳನ್ನೋ ಉಳಿಸಲು ಹೋಗಿ ಸತ್ತವನಿಗೆ ಊರಿನವರು ನಿಲ್ಲಿಸಿದ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅದು ಊರಿನ ಕಡೆಯ ಕಥೆ. ಕೆಳಗೆ ಬಿಲ್ಲು ಹಿಡಿದು ನಿಂತ ಎದುರಾಳಿಗೆ ಅಲ್ಲಿ ಹೆಸರಿಲ್ಲ, ಮಾತಿಲ್ಲ. ನಮ್ಮ ವಿದ್ಯಾರ್ಥಿನಿ ಮಾಡಿದ್ದು ಇಷ್ಟೇ: ಆ ಎದುರಾಳಿಗೆ ಬಾಯಿ ಕೊಟ್ಟಳು.

ಈಗ ಅವಳ ಕಥೆಯನ್ನೇ ಪಾಠವಾಗಿ ಇಟ್ಟುಕೊಳ್ಳೋಣ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಿಪಾಯಿ ದಿನಚರಿ ಬರೆಯುತ್ತಾನೆ. ಒಂದು ದಿನದ ಬರಹ ಹೀಗಿದೆ: "ಇಂದು ನಾಲ್ಕು ಮನೆಗಳನ್ನು ಪರಿಶೀಲಿಸಲಾಯಿತು. ಪ್ರತಿರೋಧ ಇರಲಿಲ್ಲ. ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅಟ್ಟದಲ್ಲಿ ಹಳೆಯ, ಒಣಗಿದ ತೆಂಗಿನಕಾಯಿಗಳು ಸಿಕ್ಕವು. ಕುಡಿಯಲು ನೀರಿಲ್ಲದ ಕಾಯಿಗಳು. ಉರುವಲಿಗೆ ಬಳಸಲಾಯಿತು."

ಮೊದಲು ವ್ಯಾಕರಣ ನೋಡಿ. "ಪರಿಶೀಲಿಸಲಾಯಿತು", "ಬಳಸಲಾಯಿತು". ಕರ್ತರಿ, ಕರ್ಮಣಿ ಪ್ರಯೋಗಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೀರಲ್ಲ, ಅವುಗಳ ನಿಜವಾದ ಕೆಲಸ ಇಲ್ಲಿ ಕಾಣುತ್ತದೆ. ಬಾಗಿಲು ಒದ್ದವರು ಯಾರು? ಬೆಂಕಿಗೆ ಹಾಕಿದವರು ಯಾರು? ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಬಚ್ಚಿಡಬಹುದು. ಸಿಪಾಯಿ ಸುಳ್ಳು ಹೇಳಿಲ್ಲ, ಆದರೆ ತನ್ನನ್ನು ವಾಕ್ಯದಿಂದ ಹೊರಗೆ ಇಟ್ಟುಕೊಂಡಿದ್ದಾನೆ.

ಎರಡನೆಯದು, ತಿಳಿವಳಿಕೆ. ಅಟ್ಟದ ಕಾಯಿ ಎಂದರೇನು ಎಂದು ನಮ್ಮ ಕಡೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಿ ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಉಂಡೆ ಲೊಡಲೊಡ ಎನ್ನುತ್ತದೆ. ಆಗಲೇ ಅದು ಕೊಬ್ಬರಿ, ತಿಪಟೂರು ಮಾರುಕಟ್ಟೆಗೆ ಹೋಗುವ ಮಾಲು. ಸಿಪಾಯಿಯ ಲೆಕ್ಕದಲ್ಲಿ ಅದು ನೀರಿಲ್ಲದ ಕಾಯಿ. ಆ ಅಜ್ಜಿಯ ಲೆಕ್ಕದಲ್ಲಿ ಒಂದು ವರ್ಷದ ಕಾಯುವಿಕೆ, ಮೊಮ್ಮಗಳ ಕಾಲೇಜು ಫೀಸು, ಅಂಗಡಿಯ ಸಾಲ. ಇದ್ಯಾವುದನ್ನೂ ಸಿಪಾಯಿ ಹೇಳಿಲ್ಲ, ಹೇಳಲು ಅವನಿಗೆ ಗೊತ್ತೂ ಇಲ್ಲ. ಆದರೆ ಬರೆದವಳಿಗೆ ಗೊತ್ತು, ಓದುವ ನಮಗೂ ಗೊತ್ತು. ನಿರೂಪಕನಿಗಿಂತ ಲೇಖಕಿಗೆ ಹೆಚ್ಚು ಗೊತ್ತಿದ್ದಾಗಲೇ ಇಂಥ ಕಥೆ ನಿಲ್ಲುತ್ತದೆ. ಇಬ್ಬರಿಗೂ ಗೊತ್ತಿರುವುದು ಅಷ್ಟೇ ಆಗಿದ್ದರೆ ಅದು ಬರೀ ಸಿಪಾಯಿಯ ವರದಿ.

ಇನ್ನೊಂದು ಕಡೆ ಅವನು ಕಲ್ಲೇಶ್ವರ ದೇವಸ್ಥಾನವನ್ನು ಹೀಗೆ ನಮೂದಿಸುತ್ತಾನೆ: "ಕಲ್ಲಿನ ಕಟ್ಟಡ ಒಂದು. ಛಾವಣಿ ಗಟ್ಟಿ. ಸಾಮಾನು ಇಡಲು ತಕ್ಕದ್ದು." ಒಂಬತ್ತನೆಯ ಶತಮಾನದ ಆ ದೇವಸ್ಥಾನದ ಛಾವಣಿಯ ಒಳಮೈಯಲ್ಲೇ ಸುತ್ತ ಅಷ್ಟದಿಕ್ಪಾಲಕರು, ನಡುವೆ ನರ್ತಿಸುವ ಶಿವ ಇದ್ದಾನೆ. ಶಿಲ್ಪ ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಸಿಪಾಯಿ ಛಾವಣಿಯ ಗಟ್ಟಿತನ ನೋಡಿದ, ಕತ್ತೆತ್ತಿ ಛಾವಣಿಯನ್ನು ನೋಡಲಿಲ್ಲ.

ಮೂರನೆಯದನ್ನು ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಥೆಯ ಕೊನೆಯಲ್ಲಿ ಸೈನ್ಯ ಊರು ಬಿಡುತ್ತದೆ. ಸಿಪಾಯಿಗೆ ಜ್ವರ. ಅದೇ ಮನೆಯ ಮುಂದೆ ಕುಸಿದಾಗ ಒಳಗಿನಿಂದ ಒಂದು ಲೋಟ ಗಂಜಿ ಬರುತ್ತದೆ. ಕೊನೆಯ ಸಾಲು: "ಅಜ್ಜಿ ಲೋಟ ತೆಗೆದುಕೊಂಡು ಬಾಗಿಲು ಹಾಕಿಕೊಂಡರು." ಅಲ್ಲಿಯವರೆಗೆ 'ಮುದುಕಿ ಇದ್ದಳು', 'ನೋಡಿದಳು', 'ಅತ್ತಳು' ಎಂದೇ ಬರೆದಿದ್ದ ಕಥೆಯಲ್ಲಿ ಇದ್ದಕ್ಕಿದ್ದಂತೆ 'ಹಾಕಿಕೊಂಡರು'. ವಚನ ದೋಷ ಎಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಒಂದು ಅಂಕ ಕಳೆದಿದ್ದೆ. ಎರಡನೆಯ ಸಲ ಓದಿದಾಗ ಕೈ ನಿಂತಿತು. ಅದು ದೋಷವಲ್ಲ. ಅವನು ಪಶ್ಚಾತ್ತಾಪದ ಮಾತು ಆಡಿಲ್ಲ, ಕ್ಷಮೆ ಕೇಳಿಲ್ಲ. ಏಕವಚನ ಬಹುವಚನವಾಯಿತು, ಅಷ್ಟೇ. ಹಾಗೆಯೇ ಅಜ್ಜಿಯೂ ಅವನನ್ನು ಒಳಗೆ ಕರೆಯಲಿಲ್ಲ, ಬಾಗಿಲು ಹಾಕಿಕೊಂಡರು. ಕಳೆದ ಅಂಕವನ್ನು ವಾಪಸು ಕೊಟ್ಟಿದ್ದೇನೆ.

ಸ್ಟಾಫ್ ರೂಮಿನ ಪ್ರಶ್ನೆಗೆ ಉತ್ತರ ಆ ಬಾಗಿಲಲ್ಲೇ ಇದೆ. ಒಬ್ಬನನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಅವನು ಮಾಡಿದ್ದನ್ನು ಮನ್ನಿಸುವುದು ಬೇರೆ. ಒಳ್ಳೆಯ ಕಥೆ ಮೊದಲನೆಯದನ್ನು ಮಾಡಿ ಎರಡನೆಯದನ್ನು ನೊಂದವರಿಗೆ ಬಿಡುತ್ತದೆ. ಸಿಪಾಯಿಯನ್ನು ರಾಕ್ಷಸನನ್ನಾಗಿ ಮಾಡಿದ್ದರೆ ಓದುಗರು 'ನಾವು ಹಾಗಲ್ಲ' ಎಂದು ನೆಮ್ಮದಿಯಾಗಿ ಎದ್ದು ಹೋಗುತ್ತಿದ್ದರು. ಅವನು ನಮ್ಮ ನಿಮ್ಮಂಥ ಹುಡುಗ, ದಿನಚರಿ ಬರೆಯುವವನು, ಜ್ವರ ಬಂದರೆ ನರಳುವವನು. ಅಂಥವನೂ ಒಂದು ವರ್ಷದ ಕೊಬ್ಬರಿಯನ್ನು ಉರುವಲು ಮಾಡಬಲ್ಲ ಎಂಬುದೇ ಹೆದರಬೇಕಾದ ಸಂಗತಿ.

ಮನೆಯಲ್ಲಿ ಮಾಡಿಕೊಂಡು ಬರಬೇಕಾದ ಅಭ್ಯಾಸ ಇಷ್ಟು. ಪತ್ರಿಕೆಯಲ್ಲಿ ಬಂದ ಯಾವುದಾದರೂ ಯುದ್ಧದ ಸುದ್ದಿಯನ್ನು ತೆಗೆದುಕೊಳ್ಳಿ. ಅದರ ಕರ್ಮಣಿ ವಾಕ್ಯಗಳನ್ನೆಲ್ಲ ಕರ್ತರಿಗೆ ತಿರುಗಿಸಿ. ಕರ್ತೃ ಸಿಗದ ಕಡೆ ಜಾಗ ಖಾಲಿ ಬಿಡಿ. ಆಮೇಲೆ ಅದೇ ಘಟನೆಯನ್ನು ಹತ್ತು ಸಾಲಿನಲ್ಲಿ ಎರಡು ಸಲ ಬರೆಯಿರಿ: ಬಾಗಿಲ ಹೊರಗೆ ನಿಂತವನ 'ನಾನು' ಒಂದು, ಒಳಗೆ ನಿಂತವರ 'ನಾನು' ಇನ್ನೊಂದು. ಎರಡನೆಯದನ್ನು ಬರೆಯಲು ಕಷ್ಟವಾದರೆ ಮನೆಯ ಹಿರಿಯರನ್ನು ಕೇಳಿ. ಅಟ್ಟದಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.