ಬಾಡಿಗೆ ನಿಯಂತ್ರಣ ಮತ್ತು ದುರಸ್ತಿಯ ಲೆಕ್ಕ: ಮುಂಬಯಿ ನಗರದ ಅನುಭವ

ಪೀಠಿಕೆ

ದುಡಿಯುವ ಜನರಿಗೆ ಕೈಗೆಟಕುವ ಬಾಡಿಗೆಯಲ್ಲಿ ವಸತಿ ದೊರೆಯದಿದ್ದರೆ ಯಾವ ಕೈಗಾರಿಕಾ ನಗರವೂ ಬಹುಕಾಲ ಬೆಳೆಯಲಾರದು. ಈ ಕಾರ್ಯದಲ್ಲಿ ಎರಡು ಭಾಗಗಳಿವೆ: ಮನೆಗಳನ್ನು ಒದಗಿಸುವುದು ಒಂದು, ಒದಗಿಸಿದ ಮನೆಗಳನ್ನು ವಾಸಯೋಗ್ಯವಾಗಿ ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಮರೆತರೆ ಆಗುವ ಪರಿಣಾಮವನ್ನು ಮುಂಬಯಿಯ ಇತಿಹಾಸವು ಸ್ಪಷ್ಟವಾಗಿ ತೋರಿಸುತ್ತದೆ.

ಒದಗಿಸುವ ಯತ್ನ

1896ರ ಪ್ಲೇಗ್ ಪಿಡುಗಿನ ನಂತರ, 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಗೊಂಡು ಕಾರ್ಮಿಕರಿಗಾಗಿ ಚಾಳಗಳನ್ನು ಕಟ್ಟಿಸಿತು. 1920ರ ದಶಕದಲ್ಲಿ ಸರ್ಕಾರದ ಅಭಿವೃದ್ಧಿ ಇಲಾಖೆಯು ವರಳಿ, ನಾಯಗಾಂವ್ ಮುಂತಾದೆಡೆ ಇನ್ನಷ್ಟು ಚಾಳಗಳನ್ನು ನಿರ್ಮಿಸಿತು. ಆದರೂ ಗಿರಣಿ ಕಾರ್ಮಿಕರಲ್ಲಿ ಬಹುಪಾಲು ಜನ ಖಾಸಗಿ ಮಾಲೀಕರ ಚಾಳಗಳನ್ನೇ ಆಶ್ರಯಿಸಿದ್ದರು.

ಬಾಡಿಗೆಯ ಸ್ತಂಭನ

ಎರಡನೆಯ ಮಹಾಯುದ್ಧದ ಕಾಲದ ಅಭಾವದಿಂದ ಬಾಡಿಗೆದಾರರನ್ನು ಕಾಪಾಡಲು ನಿಯಂತ್ರಣ ಜಾರಿಗೆ ಬಂದಿತು. 1947ರ ಮುಂಬಯಿ ಬಾಡಿಗೆ ಕಾಯಿದೆಯು ಹಳೆಯ ಕಟ್ಟಡಗಳ ಪ್ರಮಾಣಿತ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ತೆರಿಗೆ ಹೆಚ್ಚಳದಂತಹ ಕೆಲವು ಕಾರಣಗಳ ಹೊರತು ಬಾಡಿಗೆ ಏರಿಸಲು ಅವಕಾಶವಿರಲಿಲ್ಲ. ತಾತ್ಕಾಲಿಕವೆಂದು ಬಂದ ಈ ಕಾಯಿದೆಯನ್ನು ಅರ್ಧ ಶತಮಾನದ ಕಾಲ ಮತ್ತೆ ಮತ್ತೆ ವಿಸ್ತರಿಸಲಾಯಿತು. ಸಹಸ್ರಾರು ಕುಟುಂಬಗಳು ಬೀದಿಪಾಲಾಗದಂತೆ ಅದು ರಕ್ಷಿಸಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ರಕ್ಷಣೆಯ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಒಂದು ಉದಾಹರಣೆ

ಕೇವಲ ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಬಹುದು. ಚಾಳವೊಂದರಲ್ಲಿ 20 ಕೋಣೆಗಳಿವೆ. ಕೋಣೆಯೊಂದಕ್ಕೆ ತಿಂಗಳ ಬಾಡಿಗೆ 50 ರೂ. ಎಂದರೆ ವಾರ್ಷಿಕ ಉತ್ಪತ್ತಿ 12,000 ರೂ. ಛಾವಣಿ ಮತ್ತು ತೊಲೆಗಳ ದುರಸ್ತಿಗೆ 3 ಲಕ್ಷ ರೂ. ಬೇಕಾದರೆ, ಅದು 25 ವರ್ಷಗಳ ಸಂಪೂರ್ಣ ಬಾಡಿಗೆಗೆ ಸಮ. ಇಂತಹ ಲೆಕ್ಕದಲ್ಲಿ ಮಾಲೀಕನು ದುರಸ್ತಿಗೆ ಕೈಹಾಕುವುದಿಲ್ಲ. ಕಟ್ಟಡವು ತನ್ನದಲ್ಲವೆಂದು ಬಾಡಿಗೆದಾರನೂ ಹಣ ಹಾಕುವುದಿಲ್ಲ. ಇದರ ನಡುವೆ ಮನೆ ಅಥವಾ ಅಂಗಡಿಯ ಹಕ್ಕು ಕೈಬದಲಾಗುವಾಗ 'ಪಗಡಿ' ಎಂಬ ದೊಡ್ಡ ಮೊತ್ತವು ಲೆಕ್ಕಪುಸ್ತಕಕ್ಕೆ ಸೇರದೆ ಓಡಾಡುತ್ತಿತ್ತು. ಕಟ್ಟಡದ ಮೌಲ್ಯವೆಲ್ಲ ಪಗಡಿಗೆ ಸಂದು, ದುರಸ್ತಿಗೆ ಏನೂ ಉಳಿಯಲಿಲ್ಲ.

ಉಳಿಸುವ ಯತ್ನ

1. ದುರಸ್ತಿ ಸೆಸ್: ಕಟ್ಟಡಗಳು ಕುಸಿಯತೊಡಗಿದಾಗ 1969ರಲ್ಲಿ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯಿದೆ ಬಂದಿತು. ದ್ವೀಪನಗರದ 19,642 ಹಳೆಯ ಕಟ್ಟಡಗಳು ಸೆಸ್ ವ್ಯಾಪ್ತಿಗೆ ಸೇರಿದವು. ಅವುಗಳಲ್ಲಿ 16,502 ಕಟ್ಟಡಗಳು 1940ರ ಸೆಪ್ಟೆಂಬರ್‌ಗೆ ಮೊದಲಿನವು. ಒಬ್ಬನ ಮೇಲಿದ್ದ ಹೊರೆಯನ್ನು ಹಲವರಿಗೆ ಹಂಚುವ ತತ್ತ್ವವು ಸರಿಯಾದುದೇ; ಆದರೆ ಕಟ್ಟಡಗಳ ಸವಕಳಿಯ ವೇಗಕ್ಕೆ ನಿಧಿಯು ಸಾಲಲಿಲ್ಲ.

2. ಪುನರ್ನಿರ್ಮಾಣ: 1991ರ ಅಭಿವೃದ್ಧಿ ನಿಯಮಗಳು ಎಫ್.ಎಸ್.ಐ. ಎಂದು ಕರೆಯಲಾಗುವ ನಿರ್ಮಾಣ ಪ್ರಮಾಣವನ್ನು ಇಂತಹ ನಿವೇಶನಗಳಿಗೆ ಹೆಚ್ಚಾಗಿ ನೀಡಿದವು. ಹಳೆಯ ಬಾಡಿಗೆದಾರರಿಗೆ ಮನೆ ಕೊಟ್ಟು ಉಳಿದುದನ್ನು ಮಾರುವ ಅವಕಾಶ ಇದರಿಂದ ದೊರೆಯಿತು. ಭೂಮಿಯ ಬೆಲೆ ಹೆಚ್ಚಿರುವ ಕಡೆ ಇದು ಲಾಭದಾಯಕ. ಚಿಕ್ಕ, ಇಕ್ಕಟ್ಟಾದ ನಿವೇಶನಗಳಲ್ಲಿ ಲೆಕ್ಕ ಹೊಂದುವುದು ಕಷ್ಟ.

3. ಕಾಯಿದೆಯ ತಿದ್ದುಪಡಿ: ಪ್ರಮಾಣಿತ ಬಾಡಿಗೆಯ ಉಪಬಂಧಗಳು ಕಾಲಕ್ರಮದಲ್ಲಿ ಅಸಮಂಜಸವಾಗಿವೆಯೆಂದು ಸುಪ್ರೀಂ ಕೋರ್ಟ್ 1997ರ ಡಿಸೆಂಬರ್‌ನಲ್ಲಿ ಅಭಿಪ್ರಾಯಪಟ್ಟಿತು. 2000ದ ಮಾರ್ಚ್ 31ರಿಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999 ಜಾರಿಗೊಂಡಿತು. ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶ, ಪಗಡಿಗೆ ಕಾನೂನಿನ ಮಾನ್ಯತೆ, ಬ್ಯಾಂಕುಗಳಿಗೂ 1 ಕೋಟಿ ರೂ. ಅಥವಾ ಹೆಚ್ಚು ಪಾವತಿಯಾದ ಷೇರು ಬಂಡವಾಳವುಳ್ಳ ಕಂಪನಿಗಳಿಗೂ ಬಾಡಿಗೆದಾರರ ರಕ್ಷಣೆ ಇಲ್ಲದಿರುವುದು ಇದರ ಮುಖ್ಯಾಂಶಗಳು. ಆದರೆ ಚಕ್ರಬಡ್ಡಿಯ ರೀತಿ ಎಣಿಸಿದರೂ 100 ರೂ. ಬಾಡಿಗೆ 25 ವರ್ಷಗಳಲ್ಲಿ ಸುಮಾರು 267 ರೂ. ಮಾತ್ರ ಆಗುತ್ತದೆ. ತಳದ ಮೊತ್ತವೇ ಅಲ್ಪವಾಗಿರುವಾಗ ಶೇಕಡಾವಾರು ಏರಿಕೆಯಿಂದ ದುರಸ್ತಿಯ ನಿಧಿ ಹುಟ್ಟುವುದಿಲ್ಲ.

ಇಷ್ಟೆಲ್ಲ ಯತ್ನಗಳ ನಂತರವೂ 2017ರ ಆಗಸ್ಟ್ 31ರಂದು ಭೇಂಡಿ ಬಜಾರ್ ಪ್ರದೇಶದ ಶತಮಾನ ದಾಟಿದ ಕಟ್ಟಡವೊಂದು ಕುಸಿದು 30ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ದುರಸ್ತಿಯ ಲೆಕ್ಕ ತಪ್ಪಿದಾಗ ನಷ್ಟವು ಕೇವಲ ರೂಪಾಯಿಗಳಲ್ಲಿ ನಿಲ್ಲುವುದಿಲ್ಲ.

ವರ್ತಕರು ಗಮನಿಸಬೇಕಾದ ಅಂಶ

ಕಾರ್ಮಿಕರಿಗೆ ವಠಾರ ಕಟ್ಟಿಸಿ ಬಾಡಿಗೆಗೆ ನೀಡಿರುವ ಸಣ್ಣ ಉದ್ಯಮಿಗಳು ನಮ್ಮ ಊರುಗಳಲ್ಲೂ ಇದ್ದಾರೆ. ಮನೆ ಬಾಡಿಗೆಯಾಗಿ ತೆರಿಗೆಗೆ ಒಳಪಡುವ ಆದಾಯದಲ್ಲಿ, ಸ್ಥಳೀಯ ತೆರಿಗೆ ಕಳೆದು ಉಳಿದ ಮೊತ್ತದ ಶೇ. 30ರಷ್ಟನ್ನು ಆದಾಯ ತೆರಿಗೆ ಕಾನೂನು ವಿನಾಯಿತಿಯಾಗಿ ನೀಡುತ್ತದೆ. ವಾಸ್ತವ ಖರ್ಚು ಎಷ್ಟೆಂದು ಕೇಳುವುದಿಲ್ಲ. ಅನೇಕರು ವಿನಾಯಿತಿಯನ್ನು ಪಡೆಯುತ್ತಾರೆ, ಹಣವನ್ನು ತೆಗೆದಿಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ, ಸ್ಥಳೀಯ ತೆರಿಗೆಯನ್ನು ಗಣಿಸದೆ, ಶೇ. 30 ಎಂದರೆ ವರ್ಷಕ್ಕೆ 3,600 ರೂ. ಅದರಿಂದ 3 ಲಕ್ಷ ರೂ. ಕೂಡಿಸಲು 83 ವರ್ಷಗಳು ಬೇಕು. ತೊಲೆಯು ಅಷ್ಟು ಕಾಲ ಕಾಯುವುದಿಲ್ಲ. ಆದ್ದರಿಂದ ಬಾಡಿಗೆಯನ್ನು ಗೊತ್ತುಪಡಿಸುವಾಗಲೇ ದುರಸ್ತಿಯ ಪಾಲನ್ನು ಲೆಕ್ಕಹಾಕಿ, ಪ್ರತ್ಯೇಕ ಖಾತೆಯಲ್ಲಿ ಇಡುವುದು ಯೋಗ್ಯ. ಬಾಡಿಗೆ ಕಡಿಮೆ ಇರಬೇಕೆಂದು ಸಮಾಜವು ಬಯಸಿದರೆ, ಆ ಕೊರತೆಯನ್ನು ತುಂಬುವವರು ಯಾರೆಂಬುದನ್ನೂ ಸಮಾಜವೇ ಮೊದಲು ನಿರ್ಧರಿಸಬೇಕು.